ಬಿಂದು ಇಟ್ಟದ್ದು ಸರಿ, ಆಕಾರ ಮಾತ್ರ ಯಾಕೆ ಕೆಡುತ್ತದೆ?

ಪ್ರಶ್ನೆ: ಆಕಾರಗಳನ್ನು ಹೋಲಿಸಲೆಂದು, ಫೋಟೋ ಮೇಲೆ ಬಿಂದು ಗುರುತಿಸುವ ಟಿಪಿಎಸ್‌ಡಿಗ್ ಪ್ರೋಗ್ರಾಮಿನಲ್ಲಿ 60 ಫೋಟೋಗಳ ಮೇಲೆ ತಲಾ 12 ಲ್ಯಾಂಡ್‌ಮಾರ್ಕ್ (ಎಲ್ಲ ಫೋಟೋಗಳಲ್ಲೂ ಅದೇ ಭಾಗವನ್ನು ಗುರುತಿಸುವ ಬಿಂದು) ಇಟ್ಟಿದ್ದೇನೆ. ಪರದೆಯ ಮೇಲೆ ಎಲ್ಲವೂ ಸರಿಯಾಗಿಯೇ ಕಾಣುತ್ತವೆ. ಆರ್ ಎಂಬ ಅಂಕಿಅಂಶ ಸಾಫ್ಟ್‌ವೇರ್‌ನ ಜಿಯೋಮಾರ್ಫ್ ಪ್ಯಾಕೇಜಿಗೆ ಹಾಕಿದರೆ ಬಿಂದುಗಳ ಸಂಖ್ಯೆ ಹೊಂದುತ್ತಿಲ್ಲ ಎನ್ನುತ್ತದೆ. ಹೇಗೋ ಅದನ್ನು ದಾಟಿದರೆ ಆಕಾರದ ಗ್ರಾಫಿನಲ್ಲಿ ನಾಲ್ಕೈದು ಮಾದರಿಗಳು (ಫೋಟೋ ತೆಗೆದ ಒಂದೊಂದು ಜೀವಿ ಅಥವಾ ಅದರ ಭಾಗ) ಉಳಿದವುಗಳಿಂದ ಬಹುದೂರ ಹೋಗಿ ಕೂತಿರುತ್ತವೆ. ಸಾಫ್ಟ್‌ವೇರ್ ಮತ್ತೆ ಇನ್‌ಸ್ಟಾಲ್ ಮಾಡಿಯೂ ನೋಡಿದೆ. ತಪ್ಪು ಎಲ್ಲಿದೆ?

ಉತ್ತರ: ಇನ್‌ಸ್ಟಾಲ್ ಮಾಡುವುದನ್ನು ಬಿಡಿ, ಟಿಪಿಎಸ್‌ಡಿಗ್ ಬಿಂದುಗಳನ್ನು ಬರೆದಿಡುವ ಟಿಪಿಎಸ್ ಫೈಲನ್ನು ನೋಟ್‌ಪ್ಯಾಡ್‌ನಲ್ಲಿ ತೆರೆಯಿರಿ. ಇಂಥ ತೊಂದರೆಗಳಲ್ಲಿ ಬಹುಪಾಲು ಅಲ್ಲೇ ಕಣ್ಣಿಗೆ ಬೀಳುತ್ತವೆ. ಅದು ಬರೀ ಪಠ್ಯದ ಫೈಲು, ಗುಟ್ಟೇನೂ ಇಲ್ಲ. ಒಂದೊಂದು ಮಾದರಿಗೂ ಮೊದಲು ‘ಎಲ್‌ಎಂ=12’ ಎಂಬ ಸಾಲು (ಫೈಲಿನಲ್ಲಿ ಈ ಪದಗಳೆಲ್ಲ ಇಂಗ್ಲಿಷ್ ದೊಡ್ಡಕ್ಷರದಲ್ಲಿರುತ್ತವೆ), ಅದರ ಕೆಳಗೆ 12 ಸಾಲು, ಸಾಲಿಗೆ ಎರಡು ಅಂಕಿ: ಎಕ್ಸ್ ಮತ್ತು ವೈ. ಆಮೇಲೆ ‘ಇಮೇಜ್=’ ಸಾಲಿನಲ್ಲಿ ಫೋಟೋದ ಹೆಸರು, ‘ಐಡಿ=’ ಸಾಲಿನಲ್ಲಿ ಗುರುತು, ಅಳತೆ ಕೊಟ್ಟಿದ್ದರೆ ‘ಸ್ಕೇಲ್=’.

ಇಲ್ಲಿ ಬಿಂದುಗಳಿಗೆ ಹೆಸರಿಲ್ಲ ಎನ್ನುವುದನ್ನು ಗಮನಿಸಿ. ಐದನೇ ಸಾಲಿನಲ್ಲಿ ಇರುವುದೇ ಐದನೇ ಲ್ಯಾಂಡ್‌ಮಾರ್ಕ್. ನೀವು ಅದನ್ನು ಕಣ್ಣಿನ ಅಂಚಿಗೆ ಇಟ್ಟಿರೋ ರೆಕ್ಕೆಯ ನರ ಕವಲೊಡೆಯುವಲ್ಲಿ ಇಟ್ಟಿರೋ, ಪ್ರೋಗ್ರಾಮಿಗೆ ಅದರ ಅರಿವಿಲ್ಲ. ಅದು ಒಂದು ಮಾದರಿಯ ಐದನೇ ಸಾಲನ್ನು ಉಳಿದ 59 ಮಾದರಿಗಳ ಐದನೇ ಸಾಲಿನ ಜೊತೆ ಹೋಲಿಸುತ್ತದೆ, ಅಷ್ಟೇ. ಮುಂದೆ ಹೇಳುವ ತಪ್ಪುಗಳಲ್ಲಿ ಹೆಚ್ಚಿನವು ಈ ಒಂದು ಮಾತಿಗೇ ಬಂದು ನಿಲ್ಲುತ್ತವೆ.

ಮೊದಲು ಸಂಖ್ಯೆ ಹೊಂದದ ಸಮಸ್ಯೆ. ಫೈಲಿನಲ್ಲಿ ‘ಎಲ್‌ಎಂ=’ ಎಂದು ಹುಡುಕಿ ಎಷ್ಟು ಸಲ ಸಿಗುತ್ತದೆ ಎಣಿಸಿ. 60 ಬರಬೇಕು. 61ನೆಯದೂ ಸಿಕ್ಕಿದರೆ ಯಾವುದೋ ಮಾದರಿ ಎರಡು ಸಲ ಸೇರಿದೆ. 120 ಸಿಕ್ಕಿದರೆ ಕಾರಣ ಬೇರೆ: ಇದ್ದ ಫೈಲಿನ ಮೇಲೇ ಸೇವ್ ಮಾಡುವಾಗ ಟಿಪಿಎಸ್‌ಡಿಗ್ ‘ಹಳೆಯದನ್ನು ಅಳಿಸಿ ಬರೆಯಲೋ, ಕೊನೆಗೆ ಸೇರಿಸಲೋ’ ಎಂದು ಕೇಳುತ್ತದೆ, ಅಲ್ಲಿ ಸೇರಿಸುವ ಆಯ್ಕೆ ಒತ್ತಿದರೆ ಇಡೀ ಪಟ್ಟಿ ಹಳೆಯದರ ಕೆಳಗೆ ಇನ್ನೊಮ್ಮೆ ಹೋಗಿ ಕೂರುತ್ತದೆ. ಬಳಿಕ ‘ಎಲ್‌ಎಂ=0’ ಇದೆಯೇ ನೋಡಿ. ಟಿಪಿಎಸ್‌ಡಿಗ್‌ನ ಜೊತೆಗಾರ ಪ್ರೋಗ್ರಾಂ ಟಿಪಿಎಸ್‌ಯುಟಿಲ್ ಫೋಟೋಗಳಿಂದ ಖಾಲಿ ಫೈಲ್ ಕಟ್ಟುವಾಗ ಎಲ್ಲ ಮಾದರಿಗೂ ಸೊನ್ನೆಯನ್ನೇ ಬರೆದಿಟ್ಟಿರುತ್ತದೆ. ನೀವು ಬಿಂದು ಇಡದೆ ದಾಟಿಹೋದ ಫೋಟೋ ಹಾಗೇ ಸೊನ್ನೆಯಲ್ಲಿ ಉಳಿದಿರುತ್ತದೆ. ಕೊನೆಯದಾಗಿ 11 ಅಥವಾ 13. ಹದಿಮೂರು ಬಂದಿದ್ದರೆ ಸಾಮಾನ್ಯವಾಗಿ ಒಂದೇ ಜಾಗದಲ್ಲಿ ಮೌಸ್ ಎರಡು ಸಲ ಒತ್ತಿದ ಫಲ. ಹತ್ತಿರ ಹತ್ತಿರದ ಅಂಕಿಗಳಿರುವ ಜೋಡಿ ಸಾಲು ಫೈಲಿನಲ್ಲೇ ಕಾಣಿಸುತ್ತದೆ. ಒಂದನ್ನು ಅಳಿಸಿ, ಮೇಲಿನ ಸಂಖ್ಯೆಯನ್ನೂ 12ಕ್ಕೆ ತಿದ್ದಿ. ಪರದೆಯ ಮೇಲೆ ಇದು ಕಾಣದಿರುವುದಕ್ಕೆ ಕಾರಣ, ಒಂದು ಬಿಂದು ಇನ್ನೊಂದರ ಮೇಲೆಯೇ ಕೂತಿರುತ್ತದೆ.

ಹನ್ನೊಂದಿದ್ದರೆ ಬಿಟ್ಟುಹೋದದ್ದು ಯಾವುದು ಎಂದು ಫೋಟೋ ತೆರೆದೇ ನೋಡಬೇಕು. ಇಲ್ಲೇ ಜನ ಎಡವುವುದು. ಐದನೆಯದು ಬಿಟ್ಟುಹೋಗಿದೆ ಎಂದುಕೊಳ್ಳಿ. ಈಗ ಹೋಗಿ ಅಲ್ಲಿ ಒಂದು ಬಿಂದು ಒತ್ತಿದರೆ ಅದು ಐದನೆಯದಾಗುವುದಿಲ್ಲ, 12ನೆಯದಾಗಿ ಕೊನೆಯ ಸಾಲಿಗೆ ಹೋಗುತ್ತದೆ. ಮೊದಲಿನ ಆರು, ಏಳು, ಎಂಟು ಎಲ್ಲವೂ ಒಂದೊಂದು ಮನೆ ಮೇಲಕ್ಕೆ ಸರಿದೇ ಇರುತ್ತವೆ. ಸಂಖ್ಯೆ ಈಗ ಸರಿಹೋಯಿತು, ದೋಷದ ಸಂದೇಶವೂ ಹೋಯಿತು. ಆದರೆ ಆ ಮಾದರಿಯ ಎಂಟು ಬಿಂದುಗಳು ತಪ್ಪು ಜಾಗದಲ್ಲಿವೆ. ನಿಮ್ಮ ‘ಹೇಗೋ ದಾಟಿದರೆ’ ಎನ್ನುವ ಮಾತು ಓದಿದಾಗ ನಮಗೆ ಮೊದಲು ಹೊಳೆದದ್ದು ಇದೇ. ತಪ್ಪಾಗಿ ಇಟ್ಟ ಬಿಂದುವನ್ನು ಅಳಿಸಿ ಮತ್ತೆ ಇಟ್ಟಾಗಲೂ ಹೀಗೇ ಆಗುತ್ತದೆ, ಆದ್ದರಿಂದ ಅಳಿಸುವ ಬದಲು ಬಿಂದುವನ್ನು ಹಿಡಿದು ಎಳೆದು ಸರಿಸುವುದು ಲೇಸು. ಈಗಾಗಲೇ ಆಗಿಹೋಗಿದ್ದರೆ ನೋಟ್‌ಪ್ಯಾಡ್‌ನಲ್ಲಿ ಕೊನೆಯ ಸಾಲನ್ನು ಕತ್ತರಿಸಿ ಐದನೆಯ ಜಾಗಕ್ಕೆ ಅಂಟಿಸಿ. ಸೇವ್ ಮಾಡಿ, ಟಿಪಿಎಸ್‌ಡಿಗ್‌ನಲ್ಲಿ ತೆರೆದು, ಸಂಖ್ಯೆಗಳನ್ನು ತೋರಿಸುವ ಆಯ್ಕೆ ಹಾಕಿಕೊಂಡು ಒಮ್ಮೆ ಕಣ್ಣಾಡಿಸಿ.

ಮಾದರಿಯಲ್ಲೇ ಆ ಭಾಗ ಮುರಿದಿದ್ದರೆ ಮಾತು ಬೇರೆ. ಆಗ ಸಾಲನ್ನು ಖಾಲಿ ಬಿಡುವಂತಿಲ್ಲ, ಅದರ ಜಾಗದಲ್ಲಿ ‘-1 -1’ ಎಂದು ಬರೆಯುವುದು ರೂಢಿ. ಆದರೆ ಜಿಯೋಮಾರ್ಫ್‌ಗೆ ಇದು ತಾನಾಗಿ ತಿಳಿಯುವುದಿಲ್ಲ. ಫೈಲ್ ಓದಿಸುವ ‘ರೀಡ್‌ಲ್ಯಾಂಡ್.ಟಿಪಿಎಸ್’ಗೆ ‘ನೆಗ್‌ಎನ್‌ಎ’ ಆಯ್ಕೆಯನ್ನು ‘ಟ್ರೂ’ ಎಂದು ಕೊಡಬೇಕು. ಕೊಡದಿದ್ದರೆ -1, -1 ನಿಜವಾದ ನಿರ್ದೇಶಾಂಕವೆಂದೇ ಲೆಕ್ಕಕ್ಕೆ ಬರುತ್ತದೆ. ಬಿಂದು ಫೋಟೋದ ಕೆಳ ಎಡಮೂಲೆಗೆ ಹೋಗಿ, ಆಕಾರಕ್ಕೆ ಒಂದು ಉದ್ದನೆಯ ಮುಳ್ಳು ಮೂಡುತ್ತದೆ. ಆ ಆಯ್ಕೆಯಿಂದ ಎನ್‌ಎ (ಮಾಹಿತಿ ಇಲ್ಲ) ಆದ ಬಿಂದುಗಳನ್ನು ಜಿಯೋಮಾರ್ಫ್‌ನ ‘ಎಸ್ಟಿಮೇಟ್.ಮಿಸ್ಸಿಂಗ್’ ಅಂದಾಜಿಸಿಕೊಡುತ್ತದೆ. ಒಂದೆರಡು ಬಿಂದುವಿಗೆ ಅದು ಸಾಕು. ಅರ್ಧಕ್ಕರ್ಧ ಬಿಂದುಗಳೇ ಇಲ್ಲದ ಮಾದರಿಯನ್ನು ಕೈಬಿಡುವುದೇ ಪ್ರಾಮಾಣಿಕ ದಾರಿ.

ಈಗ ದೂರ ಹೋಗಿ ಕೂತ ಆ ನಾಲ್ಕೈದು ಮಾದರಿಗಳಿಗೆ ಬರೋಣ. ಆಕಾರಗಳನ್ನು ಹೋಲಿಸುವ ಮೊದಲು ಜಿಯೋಮಾರ್ಫ್ ನಡೆಸುವ ಪ್ರೋಕ್ರಸ್ಟೀಸ್ ಹೊಂದಿಕೆ ಮಾಡುವುದು ಮೂರೇ ಕೆಲಸ: ಆಕಾರಗಳನ್ನು ಒಂದೇ ಕೇಂದ್ರಕ್ಕೆ ತರುವುದು, ಒಂದೇ ಗಾತ್ರಕ್ಕೆ ಇಳಿಸುವುದು, ತಿರುಗಿಸಿ ಹೊಂದಿಸುವುದು. ಕನ್ನಡಿಯಲ್ಲಿ ಕಂಡಂತೆ ತಿರುವುಮುರುವಾದ ಆಕಾರವನ್ನು ಅದು ಮಗುಚಿ ಹಾಕುವುದಿಲ್ಲ. ಎಡ ರೆಕ್ಕೆಗಳ ಮಧ್ಯೆ ನಾಲ್ಕು ಬಲ ರೆಕ್ಕೆ ಸೇರಿಕೊಂಡಿದ್ದರೆ ಆ ನಾಲ್ಕೂ ಒಟ್ಟಿಗೇ ಒಂದು ಮೂಲೆಯಲ್ಲಿ ಗುಂಪು ಕಟ್ಟುತ್ತವೆ. ಒಂದೊಂದೂ ಒಂದೊಂದು ದಿಕ್ಕಿಗೆ ಹೋಗಿದ್ದರೆ ಬಿಂದುಗಳ ಕ್ರಮ ತಪ್ಪಿದೆ. ಒಟ್ಟಿಗೇ ಇದ್ದರೆ ಪ್ರತಿಬಿಂಬವೇ ಎಂದು ಮೊದಲು ಪರೀಕ್ಷಿಸಿ. ಪರಿಹಾರ ಸುಲಭ: ಆ ಮಾದರಿಗಳ ಎಕ್ಸ್ ಅಂಕಣವನ್ನು ಆರ್‌ನಲ್ಲಿ -1ರಿಂದ ಗುಣಿಸಿ.

ಇದೇ ರೋಗ ಇನ್ನೊಂದು ವೇಷದಲ್ಲೂ ಬರುತ್ತದೆ. ಕೆಲವು ಫೋಟೋಗಳಿಗೆ ಇಮೇಜ್‌ಜೆ ಎಂಬ ಚಿತ್ರ ಅಳೆಯುವ ಪ್ರೋಗ್ರಾಮಿನಲ್ಲಿ ಬಿಂದು ಇಟ್ಟು, ಅಂಕಿಗಳನ್ನು ಟಿಪಿಎಸ್ ಫೈಲಿಗೆ ಸೇರಿಸಿದ್ದೀರಾ? ಟಿಪಿಎಸ್‌ಡಿಗ್‌ನ ಸೊನ್ನೆ ಚಿತ್ರದ ಕೆಳ ಎಡಮೂಲೆಯಲ್ಲಿದೆ, ವೈ ಮೇಲಕ್ಕೆ ಹೋದಂತೆ ಹೆಚ್ಚುತ್ತದೆ. ಇಮೇಜ್‌ಜೆಯ ಸೊನ್ನೆ ಮೇಲಿನ ಎಡಮೂಲೆಯಲ್ಲಿದೆ, ವೈ ಕೆಳಕ್ಕೆ ಹೋದಂತೆ ಹೆಚ್ಚುತ್ತದೆ. ಎರಡನ್ನೂ ಬೆರೆಸಿದರೆ ಅರ್ಧ ಮಾದರಿಗಳು ತಲೆಕೆಳಗು. ಚಿತ್ರದ ಎತ್ತರದಿಂದ ಇಮೇಜ್‌ಜೆಯ ವೈ ಕಳೆಯಿರಿ: ಎತ್ತರ 2448 ಪಿಕ್ಸೆಲ್, ವೈ 500 ಇದ್ದರೆ ಹೊಸ ವೈ 1948.

ಯಾವ ಮಾದರಿ ಕೆಟ್ಟಿದೆ ಎಂದು ಒಂದೊಂದನ್ನೇ ತೆರೆದು ನೋಡಬೇಕಾಗಿಲ್ಲ. ಜಿಯೋಮಾರ್ಫ್‌ನ ‘ಪ್ಲಾಟ್‌ಔಟ್‌ಲೈಯರ್ಸ್’ ಮಾದರಿಗಳನ್ನು ಸರಾಸರಿ ಆಕಾರದಿಂದ ಇರುವ ದೂರದ ಪ್ರಕಾರ ಸಾಲಾಗಿ ನಿಲ್ಲಿಸುತ್ತದೆ. ಆಕಾರ ವಿಶ್ಲೇಷಣೆಯ ಇನ್ನೊಂದು ಪ್ರೋಗ್ರಾಂ ಮಾರ್ಫೋಜೆಯಲ್ಲೂ ಇಂಥದೇ ಸಲಕರಣೆಯಿದೆ, ಅಲ್ಲಿಯೇ ಎರಡು ಬಿಂದುಗಳನ್ನು ಅದಲುಬದಲು ಮಾಡಲೂಬಹುದು. ಆದರೆ ಒಂದು ಎಚ್ಚರಿಕೆ: ಹೊಂದಿಸಿದ ಚಿತ್ರವನ್ನಷ್ಟೇ ನೋಡಿ ಇಂಥ ಬಿಂದುವೇ ತಪ್ಪು ಎಂದು ತೀರ್ಮಾನಿಸಬೇಡಿ. ಪ್ರೋಕ್ರಸ್ಟೀಸ್ ಒಂದು ಬಿಂದುವಿನ ದೊಡ್ಡ ತಪ್ಪನ್ನು ಎಲ್ಲ ಬಿಂದುಗಳಿಗೂ ಹಂಚಿಬಿಡುತ್ತದೆ, ಸರಿಯಿದ್ದವೂ ಸ್ವಲ್ಪ ಸ್ವಲ್ಪ ಸರಿದಂತೆ ತೋರುತ್ತವೆ. ಪಿನೋಕಿಯೋ ಎಫೆಕ್ಟ್ ಎಂದು ಇದನ್ನು ಕರೆಯುವುದುಂಟು. ಮೂಲ ಫೋಟೋಗೇ ಹಿಂತಿರುಗಿ. ಫೋಟೋದಲ್ಲೂ ಎಲ್ಲ ಸರಿಯಾಗಿದ್ದರೆ ಆ ಮಾದರಿ ನಿಜವಾಗಿಯೂ ಬೇರೆ ಆಕಾರದ್ದು. ಗ್ರಾಫಿನಲ್ಲಿ ಅಡ್ಡಬರುತ್ತದೆಂದು ಅದನ್ನು ತೆಗೆದುಹಾಕಬೇಡಿ.

ಆಕಾರದ ಗ್ರಾಫಿನಲ್ಲಿ ಕಾಣದೆ ಗಾತ್ರದಲ್ಲಿ ಮಾತ್ರ ಕಾಣುವ ತಪ್ಪೂ ಒಂದಿದೆ, ಅದು ಸ್ಕೇಲ್‌ನದು. ಸ್ಕೇಲ್ ಎಂದರೆ ಒಂದು ಪಿಕ್ಸೆಲ್‌ಗೆ ಎಷ್ಟು ಮಿಲಿಮೀಟರ್ ಎನ್ನುವ ಗುಣಕ. ಫೋಟೋದಲ್ಲಿನ 10 ಮಿ.ಮೀ. ಗೆರೆ 823 ಪಿಕ್ಸೆಲ್ ಇದ್ದರೆ 10 ಭಾಗಿಸು 823, ಅಂದರೆ 0.01215. ಗೆರೆ ಎಳೆದು 10ರ ಬದಲು 1 ಎಂದು ಬರೆದಿದ್ದರೆ ಅಥವಾ ಕೆಲವಕ್ಕೆ ಸೆಂಟಿಮೀಟರ್‌ನಲ್ಲಿ ಕೊಟ್ಟಿದ್ದರೆ ಸೆಂಟ್ರಾಯ್ಡ್ ಗಾತ್ರ (ಬಿಂದುಗಳು ತಮ್ಮ ಕೇಂದ್ರದಿಂದ ಎಷ್ಟು ಹರಡಿವೆ ಎನ್ನುವ ಅಳತೆ) ಹತ್ತು ಪಟ್ಟು ಹಿಂದೆಮುಂದೆ ಆಗುತ್ತದೆ. ಆಕಾರಕ್ಕೆ ಧಕ್ಕೆಯಿಲ್ಲ, ಯಾಕೆಂದರೆ ಗಾತ್ರವನ್ನು ಹೇಗೂ ತೆಗೆದುಹಾಕಲಾಗುತ್ತದೆ. ಗಾತ್ರದ ಜೊತೆ ಆಕಾರ ಹೇಗೆ ಬದಲಾಗುತ್ತದೆ ಎಂದು ನೋಡಹೊರಟಾಗ ಮಾತ್ರ ಎಲ್ಲ ಬುಡಮೇಲಾಗುತ್ತದೆ. ಟಿಪಿಎಸ್‌ಡಿಗ್‌ನಲ್ಲಿ ಸ್ಕೇಲನ್ನು ಪ್ರತಿ ಫೋಟೋಗೂ ಬೇರೆಯಾಗಿಯೇ ಕೊಡಬೇಕು. ಫೈಲಿನಲ್ಲಿ ‘ಸ್ಕೇಲ್=’ ಕೂಡ 60 ಸಲವೇ ಬರಬೇಕು, ಕಡಿಮೆ ಬಂದರೆ ಕೆಲವು ಮಾದರಿಗಳ ಗಾತ್ರ ಪಿಕ್ಸೆಲ್‌ನಲ್ಲೂ ಕೆಲವುದರದ್ದು ಮಿಲಿಮೀಟರ್‌ನಲ್ಲೂ ಇರುತ್ತದೆ.

ಅಳತೆಪಟ್ಟಿ ಬಿಂದುಗಳಿರುವ ಎತ್ತರದಲ್ಲೇ ಇರಬೇಕೆನ್ನುವುದೂ ಇದಕ್ಕೇ. ಕ್ಯಾಮೆರಾದಿಂದ ಪಟ್ಟಿ 300 ಮಿ.ಮೀ. ದೂರ, ಮಾದರಿಯ ಮೇಲ್ಮೈ 285 ಮಿ.ಮೀ. ದೂರ ಇದ್ದರೆ ಗಾತ್ರ ಸುಮಾರು ಶೇ. 5ರಷ್ಟು ಹೆಚ್ಚಾಗಿ ದಾಖಲಾಗುತ್ತದೆ. ಇದನ್ನು ಯಾವ ಸಾಫ್ಟ್‌ವೇರೂ ಹಿಡಿದುಕೊಡುವುದಿಲ್ಲ.

ಇನ್ನುಳಿದವು ಸಣ್ಣಪುಟ್ಟವು. ಫೋಟೋ ತೆರೆಯುತ್ತಿಲ್ಲವೆಂದರೆ ಟಿಪಿಎಸ್ ಫೈಲು ಮತ್ತು ಫೋಟೋಗಳು ಒಂದೇ ಫೋಲ್ಡರಿನಲ್ಲಿವೆಯೇ ನೋಡಿ; ‘ಇಮೇಜ್=’ ಸಾಲಿನಲ್ಲಿ ಸಾಮಾನ್ಯವಾಗಿ ಫೈಲಿನ ಹೆಸರು ಮಾತ್ರ ಇರುತ್ತದೆ, ದಾರಿ ಇರುವುದಿಲ್ಲ. ಬಿಂದುಗಳೆಲ್ಲ ಒಟ್ಟಿಗೆ ಚಿತ್ರದಿಂದ ಹೊರಗೆ ಸರಿದಿದ್ದರೆ, ಬಿಂದು ಇಟ್ಟ ಮೇಲೆ ಯಾರೋ ಫೋಟೋವನ್ನು ಕತ್ತರಿಸಿದ್ದಾರೆ, ಕುಗ್ಗಿಸಿದ್ದಾರೆ ಅಥವಾ ತಿರುಗಿಸಿದ್ದಾರೆ. ನಿರ್ದೇಶಾಂಕಗಳು ಪಿಕ್ಸೆಲ್ ಲೆಕ್ಕದವು, ಚಿತ್ರ ಬದಲಾದರೂ ಅವು ಬದಲಾಗವು. ಅಂಕಿಗಳಲ್ಲಿ ಚುಕ್ಕಿಯ ಬದಲು ಅಲ್ಪವಿರಾಮ ಕಂಡರೆ ವಿಂಡೋಸ್‌ನ ಪ್ರದೇಶ ಸೆಟ್ಟಿಂಗ್ ದಶಮಾಂಶಕ್ಕೆ ಅಲ್ಪವಿರಾಮ ಬಳಸುತ್ತಿದೆ. ಅದನ್ನು ಬದಲಿಸಿ, ಫೈಲಿನಲ್ಲೂ ಎಲ್ಲವನ್ನೂ ಚುಕ್ಕಿಯಾಗಿಸಿ. ನೋಟ್‌ಪ್ಯಾಡ್‌ನಲ್ಲಿ ಸೇವ್ ಮಾಡುವಾಗ ಹೆಸರಿನ ಕೊನೆಗೆ ‘.ಟಿಎಕ್ಸ್‌ಟಿ’ ಅಂಟಿಕೊಳ್ಳದಂತೆ ನೋಡಿಕೊಳ್ಳಿ.

ನೀವು 12 ಬಿಂದುಗಳ ಜೊತೆ ವಕ್ರರೇಖೆಯನ್ನೂ ಎಳೆದಿದ್ದರೆ ಎಣಿಕೆ ತಪ್ಪಲು ಇನ್ನೊಂದು ಕಾರಣವಿದೆ. ಒಂದು ಫೋಟೋದಲ್ಲಿ 14 ಸಲ ಒತ್ತಿ, ಇನ್ನೊಂದರಲ್ಲಿ 19 ಸಲ ಒತ್ತಿ ರೇಖೆ ಎಳೆದಿರುತ್ತೀರಿ. ಪ್ರತಿಯೊಂದನ್ನೂ ಒಂದೇ ಸಂಖ್ಯೆಗೆ, ಉದಾಹರಣೆಗೆ 20ಕ್ಕೆ, ಸಮದೂರದಲ್ಲಿ ಮರುಹಂಚಬೇಕು. ರೇಖೆಯ ಮೇಲೆ ಬಲ ಗುಂಡಿ ಒತ್ತಿದರೆ ಆ ಆಯ್ಕೆ ಸಿಗುತ್ತದೆ. ಎಲ್ಲ ಫೋಟೋಗಳಲ್ಲೂ ರೇಖೆ ಒಂದೇ ತುದಿಯಿಂದ ಹೊರಟಿರಬೇಕು. ಒಂದು ತಲೆಯಿಂದ ಬಾಲಕ್ಕೆ, ಇನ್ನೊಂದು ಬಾಲದಿಂದ ತಲೆಗೆ ಹೋಗಿದ್ದರೆ ಸಾಲುಗಳ ಕ್ರಮವೇ ಉಲ್ಟಾ ಆಗುತ್ತದೆ. ರೇಖೆಯ ಮೊದಲ ಮತ್ತು ಕೊನೆಯ ಬಿಂದು ನೀವು ಆಗಲೇ ಇಟ್ಟ ಲ್ಯಾಂಡ್‌ಮಾರ್ಕ್‌ಗಳ ಮೇಲೆಯೇ ಬಿದ್ದಿದ್ದರೆ ಆ ಎರಡನ್ನೂ ಕಳೆದು 18 ಉಳಿಸಿಕೊಳ್ಳಿ. ಆಗ ಮಾದರಿಗೆ ಒಟ್ಟು 30 ಬಿಂದು, ಸ್ಲೈಡರ್ ಫೈಲಿನಲ್ಲಿ (ರೇಖೆಯುದ್ದಕ್ಕೂ ಜಾರಲು ಬಿಡುವ ಬಿಂದುಗಳ ಪಟ್ಟಿ) 18 ಸಾಲು, ಸಾಲಿಗೆ ಮೂರು ಅಂಕಿ: ಹಿಂದಿನ ಬಿಂದು, ಜಾರುವ ಬಿಂದು, ಮುಂದಿನ ಬಿಂದು.