ತಲೆಬುರುಡೆಯಲ್ಲಿ ಬಿರುಕು ಯಾವುದು, ಹೊಲಿಗೆ ಯಾವುದು

ಸ್ಕಾಟ್ಲೆಂಡಿನ ಎಡಿನ್‌ಬರಾ ಸಮೀಪದ ಗಿಲ್ಮರ್ಟನ್‌ನಲ್ಲಿ ಸಿಕ್ಕಿದ್ದ ಅಪೂರ್ಣ ತಲೆಬುರುಡೆಯೊಂದಕ್ಕೆ ಪಳೆಯುಳಿಕೆ ವಿಜ್ಞಾನಿ ಡಿ.ಎಂ.ಎಸ್. ವಾಟ್ಸನ್ ಅವರು 1929ರಲ್ಲಿ ಕ್ರಾಸಿಜೈರಿನಸ್ ಎಂದು ಹೆಸರಿಟ್ಟರು. ‘ದಪ್ಪ ಗೊದಮೊಟ್ಟೆ’ ಎಂಬುದು ಅದರ ಅರ್ಥ. ಸುಮಾರು 33 ಕೋಟಿ ವರ್ಷಗಳ ಹಿಂದೆ, ಕಾರ್ಬಾನಿಫೆರಸ್ ಅವಧಿಯ ಜೌಗು ನೀರಿನಲ್ಲಿ ಬೇಟೆಯಾಡುತ್ತಿದ್ದ ಈ ಪ್ರಾಣಿಗೆ ಎರಡು ಮೂರು ಮೀಟರ್ ಉದ್ದದ ಮೈ ಇತ್ತು, ಮುಂಗಾಲುಗಳು ಮಾತ್ರ ನಗು ಬರುವಷ್ಟು ಚಿಕ್ಕವು. ಆದಿಯ ಚತುಷ್ಪಾದಿಗಳ ವಂಶವೃಕ್ಷದಲ್ಲಿ ಇದನ್ನು ಯಾವ ಕೊಂಬೆಗೆ ಸೇರಿಸಬೇಕೆಂಬ ಚರ್ಚೆ ದಶಕಗಳ ಕಾಲ ನಡೆಯಿತು.

ಇಂತಹ ತಲೆಬುರುಡೆ ಕೈಗೆ ಬಂದಾಗ ಪಳೆಯುಳಿಕೆಗಳ ಕೆಲಸ ಮಾಡುವ ನಾವು ಮೊದಲು ನೋಡುವುದು ಅದರ ಆಕಾರವನ್ನಲ್ಲ, ಎಲುಬುಗಳು ಒಂದನ್ನೊಂದು ಕೂಡುವ ಹೊಲಿಗೆಗೆರೆಗಳನ್ನು. ಕಲ್ಲಿನ ಭಾರಕ್ಕೆ ನಲುಗಿದ ಬುರುಡೆಯ ಮೇಲೆ ನೂರಾರು ಗೆರೆಗಳಿರುತ್ತವೆ, ಅವುಗಳಲ್ಲಿ ಹೆಚ್ಚಿನವು ಬರಿಯ ಬಿರುಕುಗಳು. ಸೂಕ್ಷ್ಮದರ್ಶಕದ ಕೆಳಗಿಟ್ಟು, ದೀಪವನ್ನು ತೀರ ಓರೆಯಾಗಿ ಹಾಯಿಸಿದರೆ ವ್ಯತ್ಯಾಸ ತಿಳಿಯುತ್ತದೆ. ಎಲುಬಿನ ಮೇಲ್ಮೈಯ ಗುಳಿ ಮತ್ತು ದಿಣ್ಣೆಗಳು ಆಯಾ ಎಲುಬಿನ ನಡುವಿನಿಂದ ಅಂಚಿನತ್ತ ಹರಡಿಕೊಂಡಿರುವುದರಿಂದ, ನಿಜವಾದ ಹೊಲಿಗೆಯ ಎರಡೂ ಬದಿಗಳಲ್ಲಿ ಅವುಗಳ ದಿಕ್ಕು ಬೇರೆ ಬೇರೆಯಾಗಿರುತ್ತದೆ. ಬಿರುಕು ಇದಾವುದನ್ನೂ ಲೆಕ್ಕಿಸದೆ ಗುಳಿಗಳನ್ನು ಅಡ್ಡಡ್ಡ ಸೀಳಿಕೊಂಡು ಹೋಗುತ್ತದೆ. ಬಿರುಕೊಂದನ್ನು ಹೊಲಿಗೆಯೆಂದು ಬಗೆದು, ಇಲ್ಲದ ಎಲುಬೊಂದನ್ನು ಚಿತ್ರದಲ್ಲಿ ಬರೆದು, ಮರುವಾರ ನಾಚಿಕೆಯಿಂದ ಅಳಿಸಿದ ಅನುಭವ ನನಗೂ ಇದೆ.

ಇಷ್ಟು ಪಾಡು ಏಕೆಂದರೆ, ವರ್ಗೀಕರಣ ನಿಂತಿರುವುದೇ ಎಲುಬುಗಳ ನೆರೆಹೊರೆಯ ಮೇಲೆ. ನೆತ್ತಿಯ ಹಿಂಬದಿಯ ಮೂಲೆಯಲ್ಲಿರುವ ಟ್ಯಾಬ್ಯುಲರ್ ಎಂಬ ಎಲುಬು ನೆತ್ತಿಯ ನಡುವಿನ ಪರೈಟಲ್ ಎಲುಬನ್ನು ನೇರವಾಗಿ ಮುಟ್ಟಿದ್ದರೆ, ಸರೀಸೃಪಗಳ ಕಡೆಯ ನೆಂಟರೆಂದು ಎಣಿಸಲಾಗುವ ಆಂತ್ರಕೊಸಾರ್‌ಗಳ ಕಡೆಗೆ ನೋಡಬೇಕು. ಅವುಗಳ ನೆರೆಯ ಎಲುಬುಗಳಾದ ಸುಪ್ರಾಟೆಂಪೊರಲ್ ಮತ್ತು ಪೋಸ್ಟ್‌ಪರೈಟಲ್‌ಗಳು ಪರಸ್ಪರ ತಾಗಿ ಆ ಎರಡನ್ನೂ ದೂರವಿಟ್ಟಿದ್ದರೆ, ಉಭಯಚರಗಳ ಕಡೆಯ ನೆಂಟರೆಂದು ಎಣಿಸಲಾಗುವ ಟೆಮ್ನೊಸ್ಪಾಂಡಿಲ್‌ಗಳ ಕಡೆಗೆ. ಕೆಲವೇ ಮಿಲಿಮೀಟರ್ ಉದ್ದದ ಗೆರೆಯೊಂದು ಪ್ರಾಣಿಯ ಕುಲವನ್ನು ಬದಲಿಸಬಲ್ಲದು. ಆಕಾರಕ್ಕೆ ಆ ಯೋಗ್ಯತೆಯಿಲ್ಲ, ಏಕೆಂದರೆ ನೀರಿನಲ್ಲಿ ಹೊಂಚುವ ಜೀವನಕ್ಕೆ ಚಪ್ಪಟೆ ತಲೆ ಮತ್ತೆ ಮತ್ತೆ ವಿಕಾಸಗೊಂಡಿದೆ: ತೆಲಂಗಾಣದ ಮಾಲೇರಿ ಶಿಲಾಸ್ತರದ ಪಂಥಸಾರಸ್ ಎಂಬ ಟೆಮ್ನೊಸ್ಪಾಂಡಿಲ್‌ಗೂ ಇಂದಿನ ಮೊಸಳೆಗೂ ತಲೆ ಚಪ್ಪಟೆಯೇ, ನಂಟು ಮಾತ್ರ ಬಲು ದೂರದ್ದು.

ಆಕಾರ ಎಷ್ಟು ಮೋಸ ಮಾಡಬಲ್ಲದೆಂಬುದಕ್ಕೆ ಕ್ರಾಸಿಜೈರಿನಸ್ಸೇ ಸಾಕ್ಷಿ. ಫೈಫ್ ಪ್ರಾಂತದ ಕೌಡೆನ್‌ಬೀತ್‌ನಲ್ಲಿ ಸಿಕ್ಕ, ಹೆಚ್ಚು ಪೂರ್ಣವಾದ ಬುರುಡೆಯನ್ನು ಅಲೆಕ್ ಪ್ಯಾಂಚೆನ್ ಅವರು 1985ರಲ್ಲಿ ವಿವರಿಸಿದರು. ಈ ಪ್ರಾಣಿಗೆ ಮೊರೇ ಹಾವುಮೀನಿನಂತೆ ಎತ್ತರವಾದ, ಬದಿಗಳಿಂದ ಒತ್ತಿದಂಥ ತಲೆಯಿತ್ತೆಂಬ ಚಿತ್ರವೇ ಬಹುಕಾಲ ಚಾಲ್ತಿಯಲ್ಲಿತ್ತು. ಲಾರಾ ಪೊರೊ ಮತ್ತು ಸಂಗಡಿಗರು ನಾಲ್ಕು ಮಾದರಿಗಳ ಸಿಟಿ ಸ್ಕ್ಯಾನ್ ಮಾಡಿಸಿ, ಗಣಕದಲ್ಲಿ ಎಲುಬುಗಳನ್ನು ಒಂದೊಂದಾಗಿ ಕಲ್ಲಿನಿಂದ ಬೇರ್ಪಡಿಸಿ, ಒಂದರಲ್ಲಿ ಕಾಣೆಯಾದ ತುಂಡನ್ನು ಮತ್ತೊಂದರಿಂದ ತುಂಬಿಸಿ ಜೋಡಿಸಿದಾಗ, 2023ರಲ್ಲಿ ಪ್ರಕಟವಾದ ಆ ಮರುರೂಪದಲ್ಲಿ ತಲೆ ತಗ್ಗಾಗಿ, ಮೊಸಳೆಯ ತಲೆಯನ್ನು ಹೋಲುವಂತಿತ್ತು.

ವಂಶವೃಕ್ಷ ಕಟ್ಟಲು ಪ್ರತಿಯೊಂದು ಲಕ್ಷಣವನ್ನೂ ನಾವು ಕೋಷ್ಟಕದಲ್ಲಿ, ಇಲ್ಲದಿದ್ದರೆ 0, ಇದ್ದರೆ 1 ಎಂಬಂತೆ ನಮೂದಿಸಿ, ಕಾಣದಿದ್ದ ಕಡೆ ಪ್ರಶ್ನಾರ್ಥಕ ಚಿಹ್ನೆ ಹಾಕುತ್ತೇವೆ. ಹೊಸಬರು ಆ ಚಿಹ್ನೆಗೆ ಹಿಂಜರಿದು ಊಹೆಯಿಂದ ಅಂಕಿ ತುಂಬುವುದುಂಟು; ಕೊನೆಗೆ ಆ ಊಹೆಯೇ ವಂಶವೃಕ್ಷದಲ್ಲಿ ಕೊಂಬೆಯಾಗಿ ಬೆಳೆದು ನಿಲ್ಲುತ್ತದೆ. ಕ್ರಾಸಿಜೈರಿನಸ್‌ನ ಸಾಲಿನಲ್ಲಿ ನನಗೆ ತುಂಬ ಇಷ್ಟವಾದ ನಮೂದು ಪ್ರಿಓಪರ್ಕ್ಯುಲರ್ ಎಂಬುದರದು. ಮೀನು ಪೂರ್ವಜರಿಂದ ಬಂದು ನಂತರದ ಚತುಷ್ಪಾದಿಗಳಲ್ಲಿ ಮಾಯವಾದ ಈ ಎಲುಬು ಇದರ ಕೆನ್ನೆಯ ಹಿಂಭಾಗದಲ್ಲಿ ಇನ್ನೂ ಉಳಿದಿದೆ. ಹಿಂದೆ ಆಂತ್ರಕೊಸಾರ್‌ಗಳ ನೆಂಟನೆಂದು ಎಣಿಸಿದ್ದ ಇದನ್ನು ಇಂದು ಅನೇಕ ವಿಶ್ಲೇಷಣೆಗಳು ಕೆಳಗೆ, ಇಂದಿನ ಗುಂಪುಗಳು ಕವಲೊಡೆಯುವುದಕ್ಕೂ ಮೊದಲಿನ ವಂಶವೃಕ್ಷದ ಕಾಂಡದಲ್ಲಿಯೇ ಇರಿಸುವುದಕ್ಕೆ ಇಂತಹ ಹಳೆಯ ಲಕ್ಷಣಗಳೇ ಕಾರಣ.