ಮೇಲಿನ ಬಿಪಿ ಇಲ್ಲ, ಕೆಳಗಿನದೂ ಇಲ್ಲ

ಬಿಪಿ ಎಷ್ಟು ಅಂತ ಕೇಳಿದರೆ ನಾವೆಲ್ಲ ಎರಡು ನಂಬರ್ ಹೇಳುತ್ತೇವೆ. ಮೇಲಿನದು, ಕೆಳಗಿನದು. ಬೈಪಾಸ್ ಆಪರೇಷನ್ ನಡೆಯುವಾಗ ಸುಮಾರು ಹೊತ್ತು ಈ ಎರಡೂ ಇರುವುದಿಲ್ಲ! ಹೃದಯವನ್ನು ನಿಲ್ಲಿಸಿರುತ್ತಾರೆ. ರಕ್ತ ಹರಿಸುವ ಕೆಲಸ ಹಾರ್ಟ್-ಲಂಗ್ ಮಷೀನಿನದು. ಅದು ಸಾಮಾನ್ಯವಾಗಿ ಮಿಡಿಯುವುದಿಲ್ಲ, ಒಂದೇ ಸಮನೆ ತಳ್ಳುತ್ತದೆ. ಮಾನಿಟರಿನಲ್ಲಿ ಕುಣಿಯುತ್ತಿದ್ದ ಗೆರೆ ಹೆಚ್ಚೂಕಡಿಮೆ ಚಪ್ಪಟೆ. ತೋಳಿಗೆ ಪಟ್ಟಿ ಕಟ್ಟಿ ಅಳೆಯೋಣ ಅಂದರೆ ನಾಡಿಯೇ ಇಲ್ಲ. (ಮಿಡಿಯುವ ಹೃದಯದ ಮೇಲೇ ಮಾಡುವ ಬೈಪಾಸ್ ಕೂಡ ಇದೆ. ಅಲ್ಲಿ ಹೊಲಿಗೆಗಾಗಿ ಹೃದಯವನ್ನು ಎತ್ತಿ ಹಿಡಿದರೆ ಸಾಕು, ಬಿಪಿ ಕುಸಿಯುತ್ತದೆ.)

ಆಗ ನೋಡುವುದು ಸರಾಸರಿ ಒತ್ತಡವನ್ನು. 120/80 ಇರುವವರ ಸರಾಸರಿ ಸುಮಾರು 93. (100 ಅಲ್ಲ, ಏಕೆಂದರೆ ಒತ್ತಡ ಕೆಳಗಿನ ನಂಬರಿನ ಹತ್ತಿರವೇ ಹೆಚ್ಚು ಹೊತ್ತು ಇರುತ್ತದೆ.) ಮಷೀನಿನ ಮೇಲಿರುವಾಗ ಅದನ್ನು ಸಾಮಾನ್ಯವಾಗಿ 50ರಿಂದ 80ರ ಒಳಗೆ ಇಡುತ್ತಾರೆ. 'ಅಯ್ಯೋ, 60 ಅಂದರೆ ಲೋ ಬಿಪಿ ಅಲ್ವಾ?' ಅಂತ ಮನೆಯವರಿಗೆ ಜೀವ ಹೋದ ಹಾಗಾಗುತ್ತದೆ. ಒತ್ತಡ ಬೇರೆ, ಹರಿವು ಬೇರೆ ಅನ್ನುವುದನ್ನು ನಮಗೆ ಯಾರೂ ಬಿಡಿಸಿ ಹೇಳಿಲ್ಲ.

ತೋಟಕ್ಕೆ ನೀರು ಬಿಡುವ ಪೈಪಿನ ಬಾಯಿಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ. ಒಳಗೆ ಒತ್ತಡ ಏರುತ್ತದೆ, ನೀರು ದೂರ ಚಿಮ್ಮುತ್ತದೆ. ಆದರೆ ಬಕೆಟ್ ತುಂಬಲು ಜಾಸ್ತಿ ಹೊತ್ತು ಬೇಕು. ಹರಿವನ್ನು ಅಡ್ಡಿಯಿಂದ ಗುಣಿಸಿದರೆ ಬರುವುದೇ ಒತ್ತಡ. ಮಷೀನ್ ಶುರುವಾದ ತಕ್ಷಣ ಬಿಪಿ ಇಳಿಯುವುದೂ ಇದಕ್ಕೇ. ಅದರ ಕೊಳವೆಗಳಲ್ಲಿ ಮೊದಲೇ ತುಂಬಿಟ್ಟ ದ್ರವ ರಕ್ತಕ್ಕೆ ಬೆರೆಯುತ್ತದೆ. ಗಟ್ಟಿ ಹುಳಿಗೆ ನೀರು ಹೊಯ್ದು ತಿಳಿಸಾರು ಮಾಡಿದ ಹಾಗೆ. ತೆಳು ರಕ್ತಕ್ಕೆ ಅಡ್ಡಿ ಕಡಿಮೆ. ಒತ್ತಡ ಇಳಿದರೂ ಮಷೀನ್ ನಿಮಿಷಕ್ಕೆ ಸುಮಾರು 4 ಲೀಟರ್ ಅಳೆದು ಕೊಡುತ್ತಲೇ ಇರುತ್ತದೆ. ಹಾಗಂತ ಎಷ್ಟು ಬೇಕಾದರೂ ಇಳಿಯಲಿ ಅಂತ ಬಿಡುವಂತಿಲ್ಲ. ವರ್ಷಗಟ್ಟಲೆ ಹೈ ಬಿಪಿ ಇದ್ದವರ ಮಿದುಳು ಹೆಚ್ಚಿನ ಒತ್ತಡಕ್ಕೆ ಒಗ್ಗಿಹೋಗಿರುತ್ತದೆ. ಅಂಥವರಿಗೆ ನೊರಾಡ್ರಿನಲಿನ್‌ನಂಥ ಮದ್ದು ಕೊಟ್ಟು ರಕ್ತನಾಳ ಬಿಗಿಸುತ್ತಾರೆ.

ಇದನ್ನೆಲ್ಲ ಅಳೆಯುವ ಬಗೆ ನನಗೆ ಬಹಳ ಇಷ್ಟ. ಸ್ಟೀಫನ್ ಹೇಲ್ಸ್ ಇಂಗ್ಲೆಂಡಿನ ಒಬ್ಬ ಪಾದ್ರಿ. ಒಂದು ಹೆಣ್ಣು ಕುದುರೆಯನ್ನು ಕಟ್ಟಿ ಮಲಗಿಸಿ, ಅದರ ಕಾಲಿನ ಅಪಧಮನಿಗೆ ಹಿತ್ತಾಳೆ ಕೊಳವೆ ತೂರಿಸಿ, ಅದಕ್ಕೆ ಉದ್ದನೆಯ ಗಾಜಿನ ನಳಿಗೆ ಜೋಡಿಸಿದ. ರಕ್ತ 8 ಅಡಿ 3 ಅಂಗುಲ ಏರಿ ನಿಂತಿತು! 1733ರಲ್ಲಿ ಇದನ್ನು ಅಚ್ಚು ಹಾಕಿಸಿದ. ಇಂದು ನಾವು ಬಿಪಿ ಹೇಳುವ ಪಾದರಸದ ಮಿಲಿಮೀಟರ್ ಲೆಕ್ಕದಲ್ಲಿ ಅದು 190ರ ಮೇಲೆ. ಪಾಪ, ಆ ಕುದುರೆಗೆ ಎಷ್ಟು ಭಯವಾಗಿತ್ತೋ. ಇವತ್ತು ರೋಗಿಯ ಮಣಿಕಟ್ಟಿನ ಅಪಧಮನಿಗೆ ಹಾಕುವ ಸಣ್ಣ ನಳಿಗೆ ಅದೇ ಯೋಚನೆಯ ಮೊಮ್ಮಗು. ಗಾಜಿನ ಬದಲು ಸಲೈನ್ ತುಂಬಿದ ಪ್ಲಾಸ್ಟಿಕ್ ಟ್ಯೂಬು, ತುದಿಯಲ್ಲಿ ಒಂದು ಸೆನ್ಸರ್. ಮೇಸ್ತ್ರಿ ಲೆವೆಲ್ ಟ್ಯೂಬ್ ಹಿಡಿದು ಗೋಡೆಯ ಮಟ್ಟ ನೋಡುತ್ತಾನಲ್ಲ, ಹಾಗೇ ಈ ಸೆನ್ಸರ್ ಹೃದಯದ ಮಟ್ಟಕ್ಕೇ ಇರಬೇಕು. 10 ಸೆಂಟಿಮೀಟರ್ ಕೆಳಗೆ ಜಾರಿದರೆ ಬಿಪಿ 7 ಪಾಯಿಂಟ್ ಜಾಸ್ತಿ ತೋರಿಸುತ್ತದೆ. ಮಂಚ ಏರಿಸಿದಾಗೆಲ್ಲ ನರ್ಸ್ ಅದನ್ನು ಸರಿಪಡಿಸುವುದು ಇದಕ್ಕೇ.

ಐಸಿಯುಗೆ ಬಂದ ಮೇಲೆ ಎರಡೂ ಕಡೆ ಅಪಾಯ. ಬಿಪಿ ಏರಿದರೆ ಹಸಿ ಹೊಲಿಗೆಗಳಲ್ಲಿ ರಕ್ತ ಜಿನುಗೀತು. ಇಳಿದರೆ ಕಿಡ್ನಿಗೆ ಪೆಟ್ಟು. ಮೈ ತಣ್ಣಗಿರುವಾಗ ನಾಳಗಳು ಮುದುಡಿ ನಂಬರ್ ಚೆನ್ನಾಗಿಯೇ ಕಾಣುತ್ತದೆ. ಕಂಬಳಿ ಹೊದಿಸಿ ಬೆಚ್ಚಗೆ ಮಾಡುತ್ತಿದ್ದಂತೆ ನಾಳ ಬಿಚ್ಚಿಕೊಂಡು ಬಿಪಿ ಸರ್ರನೆ ಜಾರಬಹುದು. ಆಗ ಸುಮ್ನೆ ಮದ್ದು ಏರಿಸಿದರೆ ಆಗದು. ರಕ್ತ ಸಾಲದೇ? ಹೃದಯ ಸೋತಿದೆಯೇ? ನಾಳ ಸಡಿಲವಾಗಿದೆಯೇ? ಅಥವಾ ಹೃದಯದ ಸುತ್ತ ರಕ್ತ ತುಂಬಿ ಅದನ್ನು ಹಿಸುಕುತ್ತಿದೆಯೇ? ಕೊನೆಯದಾದರೆ ಮತ್ತೆ ಎದೆ ತೆರೆಯಬೇಕಾಗುತ್ತದೆ. ಅದಕ್ಕೇ ಪಾದ ಬೆಚ್ಚಗಿದೆಯಾ ಅಂತ ಮುಟ್ಟಿ ನೋಡುತ್ತಾರೆ, ಮೂತ್ರ ಅಳೆಯುತ್ತಾರೆ. 60 ಕೆಜಿಯ ರೋಗಿಗೆ ಗಂಟೆಗೆ 30 ಮಿಲಿಯಾದರೂ ಬರಬೇಕು. ನನ್ನ ಪ್ರಕಾರ ಆ ಮೂತ್ರದ ಚೀಲ ಮಾನಿಟರಿನಷ್ಟೇ ಮುಖ್ಯ.

ನನಗೆ ನಿಜಕ್ಕೂ ಆತಂಕ ಆಗುವುದು ಮನೆಗೆ ಹೋದ ಮೇಲಿನ ಮಾತು ಕೇಳಿ. 'ಬೈಪಾಸ್ ಆಯ್ತಲ್ಲ, ಇನ್ಯಾಕೆ ಬಿಪಿ ಮಾತ್ರೆ? ಬೆಳ್ಳುಳ್ಳಿ ಸಾಕು.' ಬೈಪಾಸ್ ಸರಿಪಡಿಸುವುದು ಹೃದಯದ ಕೆಲವು ಕಟ್ಟಿಕೊಂಡ ನಾಳಗಳ ದಾರಿಯನ್ನು ಮಾತ್ರ. ಬಿಪಿ ಇರುವುದು ಇಡೀ ಮೈಯ ಸಣ್ಣ ನಾಳಗಳಲ್ಲಿ. ಆಪರೇಷನ್ ಆದ ಹೊಸತರಲ್ಲಿ ಬಿಪಿ ಕಡಿಮೆ ಇದ್ದು ಡಾಕ್ಟರೇ ಮಾತ್ರೆ ಇಳಿಸಿರಬಹುದು. ಮೈಗೆ ಶಕ್ತಿ ಬರುತ್ತಿದ್ದಂತೆ ಬಿಪಿಯೂ ಮತ್ತೆ ಏರಬಹುದು. ಮನೆಯಲ್ಲಿ ಅಳೆದದ್ದನ್ನು ಒಂದು ಚೀಟಿಯಲ್ಲಿ ಬರೆದಿಟ್ಟು ಚೆಕಪ್‌ಗೆ ತೆಗೆದುಕೊಂಡು ಹೋಗಿ. ಅಲ್ಲಿಯವರೆಗೆ ಒಂದು ಮಾತ್ರೆಯನ್ನೂ ನೀವಾಗಿ ಬಿಡಬೇಡಿ.