ಅರೋರಾ ಬರುವುದು ಬೆನ್ನ ಹಿಂದಿನಿಂದ

2024ರ ಮೇ 10ರ ರಾತ್ರಿ ಲಡಾಖ್‌ನ ಹಾನ್ಲೆಯಲ್ಲಿ ಆಕಾಶ ಕೆಂಪಾಯಿತು. ಅದು ಅರೋರಾ, ಅಂದರೆ ಧ್ರುವಗಳ ಸುತ್ತ ಆಕಾಶದಲ್ಲಿ ಕಾಣುವ ಬಣ್ಣದ ಬೆಳಕು. ಬೆಂಗಳೂರಿನ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯ ದೂರದರ್ಶಕಗಳಿರುವ ಊರು ಅದು. ಚಿತ್ರಗಳ ಜೊತೆ ಹಳೇ ವಿವರಣೆಯೂ ಹರಿದಾಡಿತು: ಸೂರ್ಯನಿಂದ ಬಂದ ಕಣಗಳು ಧ್ರುವಗಳ ಹತ್ತಿರ ನೇರ ಒಳಗೆ ಜಾರುತ್ತವಂತೆ!

ಹಾಗಿದ್ದರೆ ಅರೋರಾ ಸೂರ್ಯನಿಗೆ ಎದುರಾಗಿರುವ ಕಡೆ ಜಾಸ್ತಿ ಹೊಳೆಯಬೇಕಿತ್ತು, ಅಲ್ವಾ? ಅದು ಅಬ್ಬರಿಸುವುದು ನಡುರಾತ್ರಿಯ ಕಡೆ. ಅದೂ ಧ್ರುವದ ಮೇಲಲ್ಲ, ಧ್ರುವವನ್ನು ಸುತ್ತುವರಿದ ಉಂಗುರದಲ್ಲಿ.

ನಡೆಯುವುದು ಹೀಗೆ. ಸೌರಮಾರುತ, ಅಂದರೆ ಸೂರ್ಯನಿಂದ ಹರಿದುಬರುವ ಕಣಗಳ ಗಾಳಿ, ತನ್ನದೇ ಕಾಂತಕ್ಷೇತ್ರವನ್ನೂ ಹೊತ್ತು ತರುತ್ತದೆ. ಆ ಕ್ಷೇತ್ರ ಉತ್ತರಕ್ಕೆ ಮುಖ ಮಾಡಿದ್ದರೆ ಗಾಳಿ ಹೆಚ್ಚಿನ ಮಟ್ಟಿಗೆ ಪಕ್ಕಕ್ಕೆ ಸರಿದು ಹೋಗುತ್ತದೆ. ದಕ್ಷಿಣಕ್ಕೆ ತಿರುಗಿದ್ದರೆ ಮಾತ್ರ ಗಲಾಟೆ. ಭೂಮಿಯಿಂದ ಸೂರ್ಯನ ಕಡೆಗೆ ಸುಮಾರು 65,000 ಕಿ.ಮೀ. ದೂರದಲ್ಲಿ ಅದರ ಮತ್ತು ಭೂಮಿಯ ಕಾಂತಕ್ಷೇತ್ರಗಳ ಬಲರೇಖೆಗಳು ತುಂಡಾಗಿ ಒಂದಕ್ಕೊಂದು ಬೆಸೆದುಕೊಳ್ಳುತ್ತವೆ. ಗಾಳಿ ಆ ರೇಖೆಗಳನ್ನು ಭೂಮಿಯ ಹಿಂದಕ್ಕೆ ಎಳೆದೊಯ್ಯುತ್ತದೆ. ಅಲ್ಲಿ ಭೂಮಿಯ ಕಾಂತಕ್ಷೇತ್ರಕ್ಕೆ ಚಂದ್ರನಿಗಿಂತ ಆಚೆಗೂ ಚಾಚಿದ ಬಾಲವೊಂದಿದೆ. ರಬ್ಬರ್ ಬ್ಯಾಂಡ್ ಎಳೆದ ಹಾಗೆ ಬಾಲ ಬಿಗಿಯುತ್ತಾ ಹೋಗಿ, ಒಂದು ಹಂತದಲ್ಲಿ ಪಟ್ಟನೆ ತುಂಡಾಗುತ್ತದೆ. ಭೂಮಿಯ ಕಡೆಗಿನ ತುದಿ ವಾಪಸ್ ಚಿಮ್ಮುತ್ತದೆ. ಆ ಶಕ್ತಿಯಿಂದಲೇ ಎಲೆಕ್ಟ್ರಾನುಗಳು ವೇಗ ಪಡೆದು ವಾತಾವರಣಕ್ಕೆ ಬಡಿಯುತ್ತವೆ. 2007ರಲ್ಲಿ ಹಾರಿದ ನಾಸಾದ ಥೀಮಿಸ್ ಯೋಜನೆಯ ಐದು ಉಪಗ್ರಹಗಳು ಇಂಥದ್ದೊಂದು ತುಂಡಾಗುವಿಕೆಯನ್ನು ಚಂದ್ರನ ದೂರದ ಮೂರನೇ ಒಂದು ಭಾಗದಲ್ಲಿ ಹಿಡಿದವು.

ಅರೋರಾ ಎಂದರೆ ನೆನಪಾಗುವ ಹಸಿರು ಹಾನ್ಲೆಯಲ್ಲಿ ಯಾಕಿಲ್ಲ? ಏಟು ತಿಂದ ಆಕ್ಸಿಜನ್ ಪರಮಾಣು ಹಸಿರು ಬೆಳಕನ್ನು ಒಂದು ಸೆಕೆಂಡಿನೊಳಗೆ ಬಿಡುತ್ತದೆ. ಕೆಂಪಿಗೆ ಸುಮಾರು ಎರಡು ನಿಮಿಷ ಬೇಕು. ಕೆಳಗೆ ನಮ್ಮ ವಾತಾವರಣ ದಟ್ಟ. ಅಷ್ಟರಲ್ಲಿ ಬೇರೆ ಕಣ ಡಿಕ್ಕಿ ಹೊಡೆದು ಶಕ್ತಿ ಕಸಿದುಬಿಡುತ್ತದೆ. ಹಾಗಾಗಿ ಕೆಂಪು ಹುಟ್ಟುವುದು 200 ಕಿ.ಮೀ.ಗಿಂತ ಮೇಲೆ, ಹಸಿರು ಅದರ ಕೆಳಗೆ. ದೂರದ ಉತ್ತರದಲ್ಲಿ ನಡೆದ ಆಟದ ಕೆಳಭಾಗವನ್ನು ಭೂಮಿಯ ಉಬ್ಬು ಮರೆಮಾಡಿತು. ಹಾನ್ಲೆಗೆ ಕಂಡದ್ದು ನೆತ್ತಿ ಮಾತ್ರ. ಇದರಲ್ಲಿ ಅಪಶಕುನ ಹುಡುಕುವವರು ಸುಮ್ನೆ ನಿದ್ದೆ ಕೆಡಿಸಿಕೊಳ್ಳುವುದು ಬೇಡ.

ಅರೋರಾ ತರುವ ಇಂಥ ಸೌರ ಬಿರುಗಾಳಿ ನಮ್ಮ ದೇಶಕ್ಕೆ ಹೊಸತೂ ಅಲ್ಲ. 1859ರ ಸೆಪ್ಟೆಂಬರಿನ ಮಹಾಬಿರುಗಾಳಿಯನ್ನು ಮುಂಬೈಯ ಕೊಲಾಬಾ ವೀಕ್ಷಣಾಲಯ ದಾಖಲಿಸಿತ್ತು. ಅಲ್ಲಿ ಕಾಂತಕ್ಷೇತ್ರ ಸುಮಾರು 1,600 ನ್ಯಾನೋಟೆಸ್ಲಾ (ಕಾಂತಕ್ಷೇತ್ರದ ಬಲ ಅಳೆಯುವ ಮಾನ) ಕುಸಿದಿತ್ತು. (ಮುಂದೆ ವಿದ್ಯುತ್ ಟ್ರಾಮ್‌ಗಳು ಕಾಂತೀಯ ಅಳತೆಗೆ ಕೊಡುವ ಕಾಟಕ್ಕೆ ಹೆದರಿ ಈ ಅಳತೆಯ ಕೆಲಸವನ್ನು ಅಲಿಬಾಗ್‌ಗೆ ಸಾಗಿಸಿದರು!)

ಮುನ್ಸೂಚನೆ ಕೊಡಲು ಈಗಲೂ ಕಷ್ಟವಿರುವುದು ಕಾಂತಕ್ಷೇತ್ರದ ದಿಕ್ಕಿನಲ್ಲೇ. ಸೂರ್ಯ ಸಿಡಿದದ್ದು ದೂರದರ್ಶಕಕ್ಕೆ ಕಾಣುತ್ತದೆ. ಬರುವ ಕ್ಷೇತ್ರ ದಕ್ಷಿಣಕ್ಕೆ ತಿರುಗಿದೆಯೇ ಎಂಬುದು ಮಾತ್ರ ಭೂಮಿಯಿಂದ ಸೂರ್ಯನ ಕಡೆಗೆ 15 ಲಕ್ಷ ಕಿ.ಮೀ. ದೂರದ ಎಲ್1 ಎಂಬ ಬಿಂದುವಿಗೆ ಅದು ಬಂದು ತಾಕಿದಾಗಲೇ ಖಚಿತ. ಅಲ್ಲಿರುವ ಇಸ್ರೋದ ಆದಿತ್ಯ-ಎಲ್1 ನೌಕೆಯಲ್ಲಿ ಇದನ್ನು ಅಳೆಯಲೆಂದೇ ಒಂದು ಮ್ಯಾಗ್ನೆಟೋಮೀಟರ್ ಇದೆ. ಬಿರುಗಾಳಿ ಜೋರಾಗಿದ್ದರೆ ಆಮೇಲೆ ನಮಗೆ ಸಿಗುವ ಸಮಯ ಅರ್ಧ ಗಂಟೆಯ ಆಸುಪಾಸು.